ಐದು ಅಂಕದ ನೌಕರಿ

ದ್ವಿತೀಯ ಪಿಯುಸಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ವರ್ಷವರ್ಷವೂ ಒಂದು ನೌಕರಿ ಖಾಲಿ ಬೀಳುತ್ತದೆ. ಒಮ್ಮೆ ಲೆಕ್ಕಿಗರ ಹುದ್ದೆ, ಒಮ್ಮೆ ಶಾಲಾ ಶಿಕ್ಷಕರದು, ಇನ್ನೊಮ್ಮೆ ಕಚೇರಿ ಸಹಾಯಕರದು. ಇಂಥ ಇಂಗ್ಲಿಷ್ ಪತ್ರಿಕೆಯಲ್ಲಿ, ಇಂಥ ತಾರೀಖಿನಂದು ಜಾಹೀರಾತು ಬಂದಿದೆ, ಅದನ್ನು ನೋಡಿ ಅರ್ಜಿ ಬರೆಯಿರಿ ಎಂದು ಪ್ರಶ್ನೆ ಹೇಳುತ್ತದೆ. ರಾಜ್ಯದ ಉದ್ದಗಲಕ್ಕೂ ಲಕ್ಷಗಟ್ಟಲೆ ಹುಡುಗ ಹುಡುಗಿಯರು ಒಂದೇ ಹೊತ್ತಿನಲ್ಲಿ, ಒಂದೇ ಹುದ್ದೆಗೆ ಅರ್ಜಿ ಗುಜರಾಯಿಸುತ್ತಾರೆ. ಯಾರಿಗೂ ಸಂದರ್ಶನಕ್ಕೆ ಕರೆ ಬರುವುದಿಲ್ಲ. ಚೆನ್ನಾಗಿ ಬರೆದವರಿಗೆ ಐದು ಅಂಕ ಸಿಗುತ್ತದೆ. ಆ ನೌಕರಿಯ ಸಂಬಳ ಅಷ್ಟೇ.

ಪ್ರಶ್ನೆಯ ಜೊತೆಗೇ ಒಂದು ಸೂಚನೆ ಇರುತ್ತದೆ: ಹೆಸರಿನ ಜಾಗದಲ್ಲಿ ಮೂರು ಎಕ್ಸ್ ಬರೆಯಿರಿ, ವಿಳಾಸದ ಜಾಗದಲ್ಲಿ ಮೂರು ವೈ ಬರೆಯಿರಿ. ಉತ್ತರಪತ್ರಿಕೆ ಯಾರದೆಂದು ಮೌಲ್ಯಮಾಪಕರಿಗೆ ಗೊತ್ತಾಗಬಾರದಲ್ಲ, ಅದಕ್ಕೆ ಈ ಏರ್ಪಾಡು. ಕಾರಣ ಸರಿಯಾದದ್ದೇ. ಆದರೆ ಅದರ ಫಲವನ್ನೂ ನೋಡಬೇಕು. ಹುಣಸೂರಿನ ಹುಡುಗಿ, ಪಿರಿಯಾಪಟ್ಟಣದ ಹುಡುಗ, ಕೆ.ಆರ್. ನಗರದವರು, ಎಚ್.ಡಿ. ಕೋಟೆಯವರು ಎಲ್ಲರೂ ಆ ಒಂದು ಪುಟದಲ್ಲಿ ಊರನ್ನೂ ಹೆಸರನ್ನೂ ಕಳಚಿಟ್ಟು ಕೂರುತ್ತಾರೆ. ಹೆಸರು ಕಳಚಿದ ಮೇಲೆ ಉಳಿದದ್ದನ್ನೂ ಕಳಚುವುದು ಸುಲಭ. ಜಾಹೀರಾತು ಬಿ.ಕಾಂ. ಪದವಿ ಕೇಳಿದರೆ ಹದಿನೇಳರ ಹುಡುಗ ತಾನು ಬಿ.ಕಾಂ. ಪ್ರಥಮ ದರ್ಜೆ ಎಂದು ಬರೆಯುತ್ತಾನೆ. ಎರಡು ವರ್ಷದ ಅನುಭವ ಕೇಳಿದರೆ ಮೂರು ವರ್ಷ ಕೊಡುತ್ತಾನೆ, ಅದೂ ಬೆಂಗಳೂರಿನ ಯಾವುದೋ ಇಲ್ಲದ ಕಂಪನಿಯಲ್ಲಿ. ಕಡೆಗೆ ‘ಮೇಲೆ ಹೇಳಿದ ಸಂಗತಿಗಳೆಲ್ಲ ನನಗೆ ತಿಳಿದಮಟ್ಟಿಗೆ ಸತ್ಯ’ ಎಂದು ಘೋಷಣೆ ಬರೆದು, ಮೂರು ಎಕ್ಸ್ ಹಾಕಿ, ಅಡಿಗೆರೆ ಎಳೆಯುತ್ತಾನೆ. ಘೋಷಣೆ ಬರೆಯದಿದ್ದರೆ ಅಂಕ ಹೋದೀತೆಂಬ ಭಯ ಬೇರೆ!

ಪರೀಕ್ಷೆಯ ಮಟ್ಟಿಗೆ ಇದು ತಪ್ಪಲ್ಲ, ಆಟದ ನಿಯಮ. ತೊಂದರೆ ಶುರುವಾಗುವುದು ಆಮೇಲೆ. ನಿಜವಾದ ನೌಕರಿಗೆ ನಿಜವಾದ ಕಾಗದ ಬರೆಯುವ ದಿನ ಬಂದಾಗಲೂ ಬಹಳ ಮಂದಿ ಆ ಹೆಸರಿಲ್ಲದ ಅರ್ಜಿಯನ್ನೇ ಬರೆಯುತ್ತಾರೆ. ಎಕ್ಸ್ ಇದ್ದ ಕಡೆ ತಮ್ಮ ಹೆಸರು ತುಂಬಿರುತ್ತಾರೆ, ಉಳಿದದ್ದು ಗೈಡಿನಲ್ಲಿದ್ದ ಹಾಗೇ ಇರುತ್ತದೆ.

ಆಗಲೇ ಹೆಸರಿಸಿದ ಮೈಸೂರು ಸೀಮೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಪಿಯುಸಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಎಸ್ಸೆಸ್ಸೆಲ್ಸಿಯಲ್ಲೇ ಅವರಿಗೆ ಇಂಗ್ಲಿಷ್ ಪತ್ರಲೇಖನದ ಪರಿಚಯ ಆಗಿರುತ್ತದೆ. ಬೀದಿದೀಪ ಕೆಟ್ಟಿದೆಯೆಂದು ಪಂಚಾಯಿತಿಗೆ ದೂರು, ಅಕ್ಕನ ಮದುವೆಗೆ ಗೆಳೆಯನಿಗೆ ಕರೆ, ಇಂಥವು. ದ್ವಿತೀಯ ಪಿಯುಸಿಗೆ ಬಂದಾಗ ‘ಸ್ಪ್ರಿಂಗ್ಸ್’ ಎಂಬ ಪಠ್ಯದ ಜೊತೆಗೆ ‘ಸ್ಟ್ರೀಮ್ಸ್’ ಎಂಬ ಅಭ್ಯಾಸಪುಸ್ತಕ ಕೈಗೆ ಬರುತ್ತದೆ, ಉದ್ಯೋಗದ ಅರ್ಜಿ ಅಲ್ಲಿನ ಪಾಠ. 2022ರಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೂ ಪರೀಕ್ಷೆಗಳು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯ ಒಂದೇ ಸೂರಿನಡಿ ಬಂದವು. 2023-24ರಿಂದ ಇಂಗ್ಲಿಷಿಗೆ ಬರವಣಿಗೆಯ 80 ಅಂಕ, ಆಂತರಿಕ ಮೌಲ್ಯಮಾಪನದ 20 ಅಂಕ ಎಂದಾಯಿತು. ಒಂದೇ ವರ್ಷದಲ್ಲಿ ಪರೀಕ್ಷೆ ಒಂದು, ಎರಡು, ಮೂರು ಎಂದು ಮೂರು ಅವಕಾಶಗಳೂ ಬಂದವು. ಇಷ್ಟೆಲ್ಲ ಬದಲಾದರೂ ಅರ್ಜಿಯ ಪ್ರಶ್ನೆ ಅಲುಗಾಡಲಿಲ್ಲ. ಉಪನ್ಯಾಸಕರು ಹಂಚುವ ‘ಪಾಸಿಂಗ್ ಪ್ಯಾಕೇಜ್’ನಲ್ಲಿ ಅದಕ್ಕೆ ಮೊದಲ ಪುಟದಲ್ಲೇ ಜಾಗ. ಕಥೆ, ಪದ್ಯ ಅರ್ಥವಾಗದ ಹುಡುಗನಿಗೂ ‘ಇದೊಂದು ಗ್ಯಾರಂಟಿ ಕಣೋ, ಫಾರ್ಮ್ಯಾಟ್ ಬರೆದ್ರೆ ಅರ್ಧ ಬಂತು’ ಎಂದು ಧೈರ್ಯ ಹೇಳುವುದು ಇದರ ಬಲದಿಂದ.

ಫಾರ್ಮ್ಯಾಟ್ ಎಂದರೆ ಏನು? ಮೇಲೆ ಎಡಗಡೆ ಅರ್ಜಿದಾರರ ವಿಳಾಸ, ಅದರ ಕೆಳಗೆ ತಾರೀಖು. ಆಮೇಲೆ ಯಾರಿಗೆ ಬರೆಯುತ್ತಿದ್ದೇವೋ ಅವರ ಹುದ್ದೆ, ಸಂಸ್ಥೆ, ಊರು. ‘ಸರ್’ ಅಥವಾ ‘ಮೇಡಂ’. ವಿಷಯಕ್ಕೆ ಒಂದು ಸಾಲು, ಜಾಹೀರಾತು ಯಾವ ಪತ್ರಿಕೆಯಲ್ಲಿ ಯಾವತ್ತು ಬಂತೆಂಬ ಉಲ್ಲೇಖಕ್ಕೆ ಒಂದು ಸಾಲು. ಒಡಲಿನಲ್ಲಿ ಎರಡೋ ಮೂರೋ ಪ್ಯಾರಾ. ಕೊನೆಗೆ ‘ಯುವರ್ಸ್ ಫೇಯ್ತ್‌ಫುಲ್ಲಿ’, ಸಹಿ. ಬೇರೆಯಾಗಿ ಒಂದು ಬಯೋಡೇಟಾ: ಹೆಸರು, ಹುಟ್ಟಿದ ದಿನ, ಓದು, ಅನುಭವ, ಬರುವ ಭಾಷೆಗಳು, ತನ್ನ ಬಗ್ಗೆ ಹೇಳಬಲ್ಲ ಇಬ್ಬರ ಹೆಸರು, ಘೋಷಣೆ.

ಗ್ರಾಮ ಪಂಚಾಯಿತಿಗೋ ತಹಸೀಲ್ದಾರರಿಗೋ ಕನ್ನಡದಲ್ಲಿ ಅರ್ಜಿ ಬರೆದವರಿಗೆ ಇದರಲ್ಲಿ ಹೊಸದು ಏನೂ ಇಲ್ಲ. ‘ಇಂದ’, ‘ಗೆ’, ‘ಮಾನ್ಯರೇ’, ‘ವಿಷಯ’, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’, ‘ತಮ್ಮ ವಿಶ್ವಾಸಿ’. ಎರಡೂ ಬ್ರಿಟಿಷರ ಕಾಲದ ಒಂದೇ ಕಚೇರಿಯ ರೂಢಿಯಿಂದ ಬಂದ ದಾಯಾದಿಗಳು. ಪೌತಿ ಖಾತೆಗೆ ಅಪ್ಪನ ಪರವಾಗಿ ಅರ್ಜಿ ಬರೆದುಕೊಟ್ಟ ಹುಡುಗಿ, ಮೇಷ್ಟ್ರಿಗೆ ರಜಾ ಚೀಟಿ ಬರೆದ ಹುಡುಗ ಈ ಚೌಕಟ್ಟನ್ನು ಆಗಲೇ ಬಲ್ಲರು. ಅಲ್ಲಿಂದ ಹಿಡಿದು ಕಲಿಸಿದರೆ ಇಂಗ್ಲಿಷ್ ಅರ್ಜಿ ಇಷ್ಟೊಂದು ಬಾಯಿಪಾಠದ ಸಂಗತಿ ಆಗುತ್ತಿರಲಿಲ್ಲ. ಯಾಕೋ ತರಗತಿಯಲ್ಲಿ ಇವೆರಡರ ನಂಟನ್ನು ಹೇಳುವವರು ಕಡಿಮೆ.

ತಪ್ಪುಗಳ ವಿಷಯಕ್ಕೆ ಬಂದರೆ, ಅವು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ. ‘ಐ ಆ್ಯಮ್ ಸ್ಟಡೀಡ್’ ಎನ್ನುವುದು ಮೊದಲನೆಯದು. ‘ಓದಿದ್ದೇನೆ’ ಎಂದು ಯೋಚಿಸುವ ತಲೆ ಅದರೊಳಗಿನ ‘ಇದ್ದೇನೆ’ಗೂ ಒಂದು ‘ಆ್ಯಮ್’ ಕೊಟ್ಟುಬಿಡುತ್ತದೆ. ಸೋಮಾರಿತನದ ತಪ್ಪಲ್ಲ ಅದು, ವ್ಯಾಕರಣ ಬಲ್ಲವರ ತಪ್ಪು. ಎರಡನೆಯದು ‘ಮೈಸೆಲ್ಫ್’ ಎಂದು ಹೆಸರು ಹೇಳಿಕೊಳ್ಳುವುದು. ಮೂರನೆಯದು ‘ಯುವರ್ಸ್’ ಪದದ ನೆತ್ತಿಯ ಮೇಲೆ ಒಂದು ಅಪಾಸ್ಟ್ರಫಿಯ ಕೊಂಬು ಏರಿಸುವುದು. ಅಲ್ಲಿ ಆ ಚಿಹ್ನೆ ಬೇಡ. ಇನ್ನು ‘ಡಿಯರ್ ಸರ್’ ಎಂದು ಬರೆಯಲು ನಾಚುವವರಿದ್ದಾರೆ. ಮ್ಯಾನೇಜರಿಗೆ ಡಿಯರ್ ಅನ್ನೋದಾ ಎಂದು ಹಿಂದಿನ ಬೆಂಚು ನಗುತ್ತದೆ. ಅದು ಪ್ರೀತಿಯಲ್ಲ, ಬರೀ ಶಿಷ್ಟಾಚಾರ. ಅದರ ಜೊತೆಯ ನಿಯಮವೂ ಸರಳ: ಯಾರೆಂದು ಗೊತ್ತಿಲ್ಲದೆ ಸರ್, ಮೇಡಂ ಎಂದು ಶುರುಮಾಡಿದರೆ ಕೊನೆಗೆ ‘ಫೇಯ್ತ್‌ಫುಲ್ಲಿ’, ಹೆಸರು ಹಿಡಿದು ಶುರುಮಾಡಿದರೆ ‘ಸಿನ್ಸಿಯರ್ಲಿ’.

ಇದಕ್ಕಿಂತ ದೊಡ್ಡ ತಪ್ಪು ಅತಿವಿನಯ. ‘ತಮ್ಮ ಪಾದಾರವಿಂದಗಳಲ್ಲಿ’ ಎಂಬ ಹಳೆಯ ಕನ್ನಡ ಅರ್ಜಿಯ ದೇಹಭಾಷೆ ಇಂಗ್ಲಿಷಿಗೂ ಹೊಕ್ಕು ‘ಐ ಹಂಬ್ಲಿ ಬೆಗ್ ಟು’ ಎಂದು ಕೈಮುಗಿದು ನಿಲ್ಲುತ್ತದೆ. ಹಿಂದೆ ಅದು ಬೇಕಾಗಿತ್ತು, ನಿಜ.

1912ರ ಫೆಬ್ರವರಿ 9ರಂದು ಮದರಾಸಿನಲ್ಲಿ ಬರೆದ ಒಂದು ಉದ್ಯೋಗದ ಅರ್ಜಿ ಇದಕ್ಕೆ ಒಳ್ಳೆಯ ಉದಾಹರಣೆ. ಬರೆದವರು ಇಪ್ಪತ್ನಾಲ್ಕು ವರ್ಷದ ಶ್ರೀನಿವಾಸ ರಾಮಾನುಜನ್, ಬರೆದದ್ದು ಮದರಾಸು ಪೋರ್ಟ್ ಟ್ರಸ್ಟಿನ ಮುಖ್ಯ ಲೆಕ್ಕಾಧಿಕಾರಿಗೆ, ಕೇಳಿದ್ದು ಗುಮಾಸ್ತೆ ಕೆಲಸ. ಅದರಲ್ಲೂ ‘ಬೆಗ್’ ಇದೆ. ಆದರೆ ಆ ಕಾಲದ ಪದ್ಧತಿಯ ಈ ಸಿಪ್ಪೆ ತೆಗೆದು ನೋಡಿದರೆ ಒಳಗಿನ ಮಾತು ನಾಲ್ಕೇ. ತಮ್ಮ ಕಚೇರಿಯಲ್ಲಿ ಗುಮಾಸ್ತೆ ಹುದ್ದೆ ಖಾಲಿ ಇದೆಯೆಂದು ತಿಳಿಯಿತು. ಮೆಟ್ರಿಕ್ಯುಲೇಷನ್ ಪಾಸಾಗಿದ್ದೇನೆ, ಎಫ್.ಎ.ವರೆಗೆ (ಇಂದಿನ ಪಿಯುಸಿಯ ಮಟ್ಟ) ಓದಿದೆ, ಅನುಕೂಲವಿಲ್ಲದ ಸಂದರ್ಭಗಳಿಂದ ಮುಂದೆ ಓದಲಾಗಲಿಲ್ಲ. ಆದರೂ ಇಷ್ಟು ದಿನ ಹೊತ್ತನ್ನೆಲ್ಲ ಗಣಿತಕ್ಕೇ ಕೊಟ್ಟಿದ್ದೇನೆ. ಕೆಲಸ ಕೊಟ್ಟರೆ ಸರಿಯಾಗಿ ಮಾಡಬಲ್ಲೆ ಎಂಬ ಭರವಸೆ ನನಗಿದೆ.

ಗಮನಿಸಬೇಕಾದದ್ದು ಎರಡನೆಯ ಮತ್ತು ಮೂರನೆಯ ಮಾತುಗಳನ್ನು. ಎಫ್.ಎ. ಪಾಸಾಗದ್ದನ್ನು ರಾಮಾನುಜನ್ ಮುಚ್ಚಿಡಲಿಲ್ಲ. ಕುಂಭಕೋಣದ ಕಾಲೇಜಿನಲ್ಲಿ ಇಂಗ್ಲಿಷಿನಲ್ಲೇ ಎಡವಿ ವಿದ್ಯಾರ್ಥಿವೇತನ ಕಳೆದುಕೊಂಡವರು ಅವರು. ಅದರ ವಿವರಕ್ಕೆ ಹೋಗದೆ, ಗೋಳಾಡದೆ, ಒಂದು ಸಾಲಿನಲ್ಲಿ ಹೇಳಿ ದಾಟಿದರು. ದಾಟಿದ ಕೂಡಲೇ ತಾವು ನಿಜವಾಗಿ ಮಾಡುತ್ತಿದ್ದ ಕೆಲಸವನ್ನು ಹೇಳಿದರು. ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡಲ್‌ಮಾಸ್ಟ್ ಅವರ ಶಿಫಾರಸು ಕಾಗದವೂ ಜೊತೆಗಿತ್ತು. ಮಾರ್ಚ್ 1ರಿಂದ ತಿಂಗಳಿಗೆ 30 ರೂಪಾಯಿ ಸಂಬಳದ ಕೆಲಸ ಸಿಕ್ಕಿತು. ಮರುವರ್ಷ ಜನವರಿಯಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಯವರಿಗೆ ಅವರು ಬರೆದ ಜಗತ್ಪ್ರಸಿದ್ಧ ಕಾಗದ ಶುರುವಾಗುವುದೂ ಹೀಗೇ: ತಾನು ಮದರಾಸು ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗದ ಗುಮಾಸ್ತ, ವರ್ಷಕ್ಕೆ 20 ಪೌಂಡ್ ಸಂಬಳ, ವಿಶ್ವವಿದ್ಯಾಲಯದ ಓದಿಲ್ಲ. ಆಮೇಲೆ ಪುಟಗಟ್ಟಲೆ ಪ್ರಮೇಯಗಳು. ಹಾರ್ಡಿ ಬೆರಗಾದದ್ದು ಆ ಪ್ರಮೇಯಗಳಿಗೆ. ವಿನಯದ ಸಾಲುಗಳಿಗಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಇಂಗ್ಲಿಷಿನಲ್ಲಿ ನಪಾಸಾದವರ ಮಾತು ಬಂದಿತಲ್ಲ, ಮೈಸೂರಿನವರು ಮರೆಯಬಾರದ ಒಬ್ಬರಿದ್ದಾರೆ. ಮಾಲ್ಗುಡಿಯ ಕಥೆಗಾರ ಆರ್.ಕೆ. ನಾರಾಯಣ್ 1925ರಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಫೇಲಾದರು. ಇಂಗ್ಲಿಷ್ ಬರವಣಿಗೆಯಿಂದಲೇ ಮುಂದೆ ಬದುಕು ಕಟ್ಟಿಕೊಂಡವರ ಕಥೆ ಇದು. ಐದಕ್ಕೆ ಎರಡು ಬಂದವರು ಇದನ್ನು ಮನೆಯಲ್ಲಿ ಹೇಳಿ ನೋಡಬಹುದು, ಅಪ್ಪ ಒಪ್ಪುತ್ತಾರೆಂಬ ಭರವಸೆ ಕೊಡಲಾಗದು.

ಇಂಗ್ಲಿಷ್ ಅರ್ಜಿ ಬರೆಯಬಲ್ಲವರಿಗೆ ಮಾತ್ರ ಕಚೇರಿಯ ಬಾಗಿಲು ಎಂಬ ಸ್ಥಿತಿ ಈ ಸೀಮೆಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಇಂಗ್ಲಿಷ್ ಕಲಿತ ಮನೆಗಳು ಕೆಲವೇ ಜಾತಿಗಳಲ್ಲಿ ಇದ್ದವು, ಸರ್ಕಾರಿ ಹುದ್ದೆಗಳೂ ಅವೇ ಮನೆಗಳಿಗೆ ಹೋಗುತ್ತಿದ್ದವು. ಈ ಅಸಮತೋಲವನ್ನು ಪರಿಶೀಲಿಸಲು 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಸರ್ ಲೆಸ್ಲಿ ಮಿಲ್ಲರ್ ನೇತೃತ್ವದ ಸಮಿತಿ ನೇಮಿಸಿತು. ಹಿಂದುಳಿದ ಸಮುದಾಯಗಳಿಗೆ ಹುದ್ದೆಗಳಲ್ಲಿ ಪಾಲು ಇರಬೇಕೆಂದು ಅದು ಮರುವರ್ಷ ವರದಿ ಕೊಟ್ಟಿತು. ಅದೇ ಎಳೆಯನ್ನು ಅರ್ಧ ಶತಮಾನದ ಮೇಲೆ ಹಿಡಿದವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು. 1972ರಲ್ಲಿ ಮುಖ್ಯಮಂತ್ರಿಯಾದ ಅವರು ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗ ನೇಮಿಸಿದರು, 1975ರಲ್ಲಿ ಅದರ ವರದಿ ಬಂತು. ಇಂದು ಹುಣಸೂರಿನ ಹಾಸ್ಟೆಲಿನಲ್ಲಿ ದೀಪದಡಿ ಕೂತು ‘ಯುವರ್ಸ್ ಫೇಯ್ತ್‌ಫುಲ್ಲಿ’ ಕಾಗುಣಿತ ತಿದ್ದುವ ಹುಡುಗನ ಹಿಂದೆ ಇಷ್ಟು ಇತಿಹಾಸ ಇದೆ. ಅವನಿಗೆ ಅದು ಗೊತ್ತಿರಲೇಬೇಕೆಂದಿಲ್ಲ, ಮಾರನೆಯ ದಿನ ಪರೀಕ್ಷೆ ಇರುತ್ತದೆ.

ಆದರೆ ಅವನಿಗೆ ಗೊತ್ತಿರಬೇಕಾದ ಬೇರೊಂದು ಸಂಗತಿ ಇದೆ. ‘ಅನುಭವ’ ಎಂಬ ಕಾಲಮ್ಮಿನ ಮುಂದೆ ಅವನು ಸುಳ್ಳು ಕಂಪನಿ ಬರೆಯಬೇಕಾಗಿಲ್ಲ. ಬರೆಯಲು ನಿಜವೇ ಬೇಕಾದಷ್ಟಿದೆ.

ಹುಣಸೂರು, ಪಿರಿಯಾಪಟ್ಟಣದ ಕಡೆ ವರ್ಜಿನಿಯಾ ಹೊಗೆಸೊಪ್ಪು ಬೆಳೆಯುವ ಮನೆಗಳನ್ನು ತೆಗೆದುಕೊಳ್ಳಿ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಒಣಗಿಸುವ ಮನೆಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಫ್ಯಾರನ್‌ಹೀಟ್ ತೊಂಬತ್ತರ ಆಸುಪಾಸಿನಲ್ಲಿ ಎಲೆ ಹಳದಿಗೆ ತಿರುಗುವವರೆಗೆ ಹಿಡಿದಿಟ್ಟು, ಆಮೇಲೆ ಬಣ್ಣ ನಿಲ್ಲಿಸಿ, ಎಲೆ ಒಣಗಿಸಿ, ಕಡೆಗೆ ನಡುದಂಟು ಒಣಗಲು 160ರ ಆಸುಪಾಸಿಗೆ ಒಯ್ಯಬೇಕು. ಅವಸರ ಮಾಡಿದರೆ ಎಲೆ ಕಪ್ಪಾಗುತ್ತದೆ, ನಿದ್ದೆಗೆ ಜಾರಿದರೆ ಬ್ಯಾರನ್ನೇ ಹೊತ್ತಿಕೊಂಡೀತು. ಆಮೇಲೆ ಬಣ್ಣ, ಗಾತ್ರ, ಕಲೆ ನೋಡಿ ದರ್ಜೆ ಮಾಡಿ, ಬೇಲ್ ಕಟ್ಟಿ, ಕಟ್ಟೆಮಳಲವಾಡಿಯ ಅಥವಾ ಕಗ್ಗುಂಡಿಯ ತಂಬಾಕು ಮಂಡಳಿ ಹರಾಜು ಮಾರುಕಟ್ಟೆಗೆ ಸಾಗಿಸಬೇಕು. ಹೊಗೆಸೊಪ್ಪಿನ ಒಳಿತು ಕೆಡುಕಿನ ಚರ್ಚೆ ಬೇರೆ, ಓದು ಬಿಡಿಸಿ ಮಕ್ಕಳನ್ನು ಬ್ಯಾರನ್ ಮುಂದೆ ಕೂರಿಸುವುದನ್ನು ಯಾರೂ ಹೊಗಳಬೇಕಾಗಿಲ್ಲ. ಆದರೆ ಹದಿನೆಂಟು ತುಂಬಿದ, ಪಿಯುಸಿ ಮುಗಿದ ಹುಡುಗ ನಂಜನಗೂಡಿನ ಕಾರ್ಖಾನೆಗೋ ಮೈಸೂರಿನ ಕೂರ್ಗಳ್ಳಿಗೋ ಟ್ರೈನಿಯಾಗಿ ಸೇರಲು ಅರ್ಜಿ ಹಾಕುವಾಗ ‘ಮನೆಯ ಬ್ಯಾರನ್ನಿನಲ್ಲಿ ರಾತ್ರಿ ಹೊತ್ತು ಉಷ್ಣತೆ ನೋಡಿ, ಗಂಟೆಗಂಟೆಗೆ ಬರೆದಿಟ್ಟು, ಬೆಂಕಿ ಹದ ಮಾಡಿದ ಅಭ್ಯಾಸವಿದೆ’ ಎಂದು ಒಂದು ಸಾಲು ಬರೆದರೆ ಅದು ಪಾಳಿ ಕೆಲಸದ ಅನುಭವ. ‘ಐ ಆ್ಯಮ್ ಹಾರ್ಡ್ ವರ್ಕಿಂಗ್ ಅಂಡ್ ಸಿನ್ಸಿಯರ್’ ಎಂಬ ಸಾಲನ್ನು ಅರ್ಜಿ ನೋಡುವ ಮೇಲ್ವಿಚಾರಕರು ಅಂದು ಬೆಳಗ್ಗೆಯಿಂದ ಎಷ್ಟು ಸಲ ಓದಿರುತ್ತಾರೋ. ಬ್ಯಾರನ್ನಿನ ಸಾಲು ಓದಿದಾಗ ಅವರ ಕಣ್ಣು ಒಂದು ಗಳಿಗೆ ನಿಲ್ಲುತ್ತದೆ.

ಕೆ.ಆರ್. ನಗರ, ಸಾಲಿಗ್ರಾಮದ ಕಡೆ ಭತ್ತದ ಮನೆಗಳಲ್ಲಿ ಇನ್ನೊಂದು ಬಗೆಯ ಅನುಭವ ಇದೆ. ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಇರುತ್ತಾಳೆ. ‘ಸಂಘದ ಪುಸ್ತಕ ಬರ್ಕೊಡವ್ವ’ ಎಂದು ಮಗಳ ಮುಂದೆ ರಿಜಿಸ್ಟರು ಇಡುತ್ತಾಳೆ. ವಾರದ ಉಳಿತಾಯ, ಯಾರು ಎಷ್ಟು ಸಾಲ ತೆಗೆದರು, ಬಡ್ಡಿ ಎಷ್ಟಾಯಿತು, ಸಭೆಗೆ ಯಾರು ಬರಲಿಲ್ಲ, ನಡವಳಿ, ಸಹಿ. ಹೀಗೆ ಎರಡು ವರ್ಷ ಪುಸ್ತಕ ಬರೆದ ಹುಡುಗಿ ಆಡಿಟರ್ ಕಚೇರಿಗೆ ಸಹಾಯಕಿಯಾಗಲು ಅರ್ಜಿ ಹಾಕುವಾಗ ‘ಅನುಭವ: ಇಲ್ಲ’ ಎಂದು ಬರೆಯುತ್ತಾಳೆ. ಇದಕ್ಕಿಂತ ದೊಡ್ಡ ಸುಳ್ಳು ಮತ್ತೊಂದಿಲ್ಲ, ತನ್ನ ವಿರುದ್ಧವೇ ಹೇಳಿಕೊಂಡ ಸುಳ್ಳು. ಇಷ್ಟು ಮಂದಿಯ ಸಂಘ, ಇಷ್ಟು ಉಳಿತಾಯ, ಇಷ್ಟು ವರ್ಷ ಲೆಕ್ಕ ಬರೆದೆ, ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿನ ಜೊತೆ ತಾಳೆ ನೋಡಿದೆ ಎಂಬ ಎರಡು ವಾಕ್ಯ ಸಾಕು. ಊರ ಡೇರಿಯಲ್ಲಿ ಹಾಲಿನ ಕೊಬ್ಬು ಅಳೆಯುವ ಯಂತ್ರದ ಮುಂದೆ ನಿಂತು ಚೀಟಿ ಬರೆದವರ ಕಥೆಯೂ ಇಷ್ಟೇ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟನ್ನರು ನೆಲೆ ನಿಂತಿದ್ದಾರೆ. ಅಲ್ಲಿನ ಅಂಗಡಿ, ಹೋಟೆಲುಗಳಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರನ್ನೂ ಬೆರೆಸಿ ವ್ಯಾಪಾರ ಮಾಡಿದ ಹುಡುಗರು ‘ಬರುವ ಭಾಷೆಗಳು’ ಎಂಬಲ್ಲಿ ಕನ್ನಡ ಒಂದನ್ನೇ ಬರೆದು ಬಿಡುತ್ತಾರೆ. ಓದಲು, ಬರೆಯಲು, ಮಾತಾಡಲು ಎಂದು ಬೇರೆ ಬೇರೆ ಬಿಡಿಸಿ ಬರೆದರೆ ಹಿಂದಿಗೂ ಒಂದು ಜಾಗ ಸಿಗುತ್ತದೆ, ಸುಳ್ಳೂ ಆಗುವುದಿಲ್ಲ.

ಎಚ್.ಡಿ. ಕೋಟೆಯ ವಿಷಯವನ್ನು ಇನ್ನೂ ನಿಧಾನವಾಗಿ ಹೇಳಬೇಕು. ಕಬಿನಿ ಜಲಾಶಯದ ಹಿನ್ನೀರು, ನಾಗರಹೊಳೆಯ ಅಂಚು, ಅದರ ಸುತ್ತ ರೆಸಾರ್ಟುಗಳು. 1980ರಲ್ಲಿ ಶುರುವಾದ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಕಬಿನಿ ವಸತಿಗೃಹ ಇರುವುದು ಕಾರಾಪುರದಲ್ಲಿ. ಇಂಥ ಕಡೆ ಬರುವ ಅತಿಥಿಗಳು ದೂರದವರು, ಅವರೊಡನೆ ಇಂಗ್ಲಿಷ್ ಬೇಕು. ಕಾಡನ್ನು ಬಲ್ಲವರೋ ಪಕ್ಕದ ಆದಿವಾಸಿ ಹಾಡಿಗಳ ಜೇನುಕುರುಬರು, ಕಾಡುಕುರುಬರು. ಕಬಿನಿ ಅಣೆಕಟ್ಟೆಗೂ ಕಾಡಿನ ರಕ್ಷಣೆಗೂ ಎಂದು ನೆಲೆ ಬಿಟ್ಟು ಬಂದ ಮನೆಗಳು ಅವುಗಳಲ್ಲಿ ಎಷ್ಟೋ. ಹೆಜ್ಜೆ ಗುರುತು ನೋಡಿ ಪ್ರಾಣಿ ಯಾವುದು, ಹೋಗಿ ಎಷ್ಟು ಹೊತ್ತಾಯಿತು ಎಂದು ಹೇಳಬಲ್ಲ ಯುವಕನಿಗೆ ಅಡುಗೆಮನೆಯ ಹಿಂದಿನ ಕೆಲಸ ಸಿಗುವುದು, ಹಕ್ಕಿಗಳ ಹೆಸರನ್ನು ಪುಸ್ತಕದಲ್ಲಿ ಓದಿ ಬಂದ ಪಟ್ಟಣದವನಿಗೆ ಜೀಪಿನ ಮುಂದಿನ ಸೀಟು ಸಿಗುವುದು ಅಲ್ಲಿ ಅಪರೂಪವಲ್ಲ. ನಡುವೆ ನಿಂತಿರುವುದು ಒಂದು ಪುಟ ಇಂಗ್ಲಿಷ್. ಆ ಪುಟದಲ್ಲಿ ಅವನು ಬರೆಯಬೇಕಾದದ್ದು ತನಗೆ ಗೊತ್ತಿರುವ ಕಾಡಿನ ಪಟ್ಟಿ: ಯಾವ ಯಾವ ಹಕ್ಕಿಗಳ ಕೂಗು ಗುರುತಿಸಬಲ್ಲೆ, ಯಾವ ಮರ ಯಾವ ತಿಂಗಳು ಹೂ ಬಿಡುತ್ತದೆ, ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆನೆಗಳು ಯಾಕೆ ಅಲ್ಲಿಗೆ ಬರುತ್ತವೆ. ವಾಕ್ಯಗಳು ಚಿಕ್ಕವಿರಲಿ, ವ್ಯಾಕರಣ ಅಲ್ಲಲ್ಲಿ ಮುಗ್ಗರಿಸಲಿ, ಪರವಾಗಿಲ್ಲ. ಬೇರೆ ಯಾವ ಅರ್ಜಿದಾರನೂ ಆ ಪಟ್ಟಿಯನ್ನು ಕೊಡಲಾರ.

ಇದನ್ನು ಕಲಿಸಬಲ್ಲವರು ಅಲ್ಲೇ ಇದ್ದಾರೆ ಕೂಡ. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆ ನಡೆಸುತ್ತ ಬಂದಿದೆ. ಸರಗೂರಿನಲ್ಲಿ ಅದರದೇ ಸಮುದಾಯ ಬಾನುಲಿ ‘ಜನಧ್ವನಿ’ ಇದೆ. ವಾರಕ್ಕೊಂದು ಅರ್ಜಿಯನ್ನು ಗಟ್ಟಿಯಾಗಿ ಓದಿ ತಿದ್ದುವ ಹತ್ತು ನಿಮಿಷ ಇಂಥ ಬಾನುಲಿಗಳಲ್ಲಿ ಸಿಕ್ಕರೆ ಎಷ್ಟೋ ಗೈಡುಗಳು ಮಾರಾಟವಾಗದೆ ಉಳಿದಾವು.

ಈಗ ಗೈಡಿನ ಜಾಗವನ್ನು ಸೈಬರ್ ಅಂಗಡಿ ಹಿಡಿದಿದೆ. ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲಿ ಜೆರಾಕ್ಸ್ ಯಂತ್ರದ ಪಕ್ಕ ಒಂದು ಕಂಪ್ಯೂಟರ್, ಅದರಲ್ಲಿ ಒಂದು ಹಳೆಯ ಫೈಲು.

‘ಅಣ್ಣ, ಒಂದು ಬಯೋಡೇಟಾ ಮಾಡ್ಕೊಡಿ.’

‘ಹೆಸ್ರು, ಮಾರ್ಕ್ಸ್ ಹೇಳವ್ವ. ಹಾಬಿಗೆ ಏನ್ ಹಾಕ್ಲಿ?’

‘ಏನಾರ ಹಾಕಿ ಅಣ್ಣ.’

ಹೀಗೆ ‘ಏನಾರ’ ಹಾಕಿದ್ದರಿಂದಲೇ ಕ್ರಿಕೆಟ್ ಬ್ಯಾಟು ಮುಟ್ಟದವರ ಹವ್ಯಾಸ ಕ್ರಿಕೆಟ್ ಆಗುವುದು, ಹಿಂದಿನ ಗಿರಾಕಿಯ ಅಪ್ಪನ ಹೆಸರು ಮುಂದಿನ ಗಿರಾಕಿಯ ಹಾಳೆಯಲ್ಲಿ ಉಳಿಯುವುದು. ಸಂದರ್ಶನದಲ್ಲಿ ಮೊದಲ ಪ್ರಶ್ನೆ ಹವ್ಯಾಸದ ಮೇಲೇ ಬರುತ್ತದೆ, ಯಾಕೆಂದರೆ ಹೊಸಬರನ್ನು ಮಾತಿಗೆ ಎಳೆಯಲು ಅದೇ ಸುಲಭದ ದಾರಿ. ಅಂಗಡಿಯವರ ತಪ್ಪೇನೂ ಇಲ್ಲಿಲ್ಲ. ಅವರು ಟೈಪು ಮಾಡುವುದಕ್ಕೆ ಕಾಸು ತೆಗೆದುಕೊಳ್ಳುತ್ತಾರೆ. ಏನು ಟೈಪು ಮಾಡಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುವುದು ನಮ್ಮ ಕೆಲಸ.

ಅರ್ಜಿಯ ಕಾಗದಕ್ಕೆ ಈಗ ಎಲ್ಲಿ ಬೆಲೆ ಇದೆ ಎಂಬುದನ್ನೂ ಹೇಳಬೇಕು. ಸರ್ಕಾರಿ ನೇಮಕಾತಿಯಲ್ಲಿ ಅದು ಹೆಚ್ಚುಕಡಿಮೆ ಮರೆಯಾಗಿದೆ. 2024ರಲ್ಲಿ ಕಂದಾಯ ಇಲಾಖೆ 1000 ಗ್ರಾಮ ಆಡಳಿತ ಅಧಿಕಾರಿಗಳನ್ನು ಕರೆದಾಗ ಎಲ್ಲವೂ ಆನ್‌ಲೈನ್. ಕಾಲಮ್ಮು ತುಂಬಿ ಶುಲ್ಕ ಕಟ್ಟಿದರೆ ಆಯಿತು, ಆಮೇಲೆ ಪರೀಕ್ಷೆ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ ಹತ್ತನೇ ತರಗತಿಯ ಅಂಕವೇ ಅರ್ಹತೆ. ಕಾಗದ ಇನ್ನೂ ಉಳಿದಿರುವುದು ಖಾಸಗಿ ಶಾಲೆ, ಆಸ್ಪತ್ರೆ, ರೆಸಾರ್ಟು, ಆಡಿಟರ್ ಕಚೇರಿ, ಸ್ವಯಂಸೇವಾ ಸಂಸ್ಥೆ ಇಂಥ ಕಡೆ. ಅಲ್ಲೂ ಅದು ಇಮೇಲ್ ಆಗಿದೆ, ‘ರೆಸ್ಯೂಮ್ ವಾಟ್ಸಾಪ್ ಮಾಡಿ’ ಎಂಬ ಒಂದು ಸಾಲಿಗೂ ಇಳಿದಿದೆ. ಆದರೂ ಪರೀಕ್ಷೆಯ ಚೌಕಟ್ಟು ವ್ಯರ್ಥವಲ್ಲ. ವಿಷಯದ ಸಾಲು ಇಮೇಲಿನ ನೆತ್ತಿಗೆ ಹೋಗುತ್ತದೆ, ಉಲ್ಲೇಖದ ಸಾಲು ಮೊದಲ ವಾಕ್ಯ ಆಗುತ್ತದೆ, ಅಡಕಗಳು ಲಗತ್ತಾಗುತ್ತವೆ. ಲಗತ್ತಿಸಿದ ಫೈಲಿಗೆ ತಮ್ಮ ಹೆಸರಿಡಬೇಕು. ‘ನ್ಯೂ ಡಾಕ್ಯುಮೆಂಟ್ ಒನ್’ ಎಂಬ ಹೆಸರಿನ ಅರ್ಜಿದಾರರು ಅಲ್ಲಿ ಆಗಲೇ ಬಹಳ ಮಂದಿ ಇರುತ್ತಾರೆ. ಹೈಸ್ಕೂಲಿನಲ್ಲಿ ತಮಾಷೆಗೆ ಮಾಡಿಕೊಂಡ ‘ಕ್ಯೂಟ್ ಬಾಯ್’, ‘ಏಂಜೆಲ್’ ಎಂಬ ಇಮೇಲ್ ವಿಳಾಸವನ್ನೂ ಅಷ್ಟರಲ್ಲಿ ನಿವೃತ್ತಿ ಮಾಡಬೇಕು.

ತನ್ನ ಬಗ್ಗೆ ಹೇಳಬಲ್ಲ ಇಬ್ಬರ ಹೆಸರು ಎಂಬ ಕಾಲಮ್ಮು ಮೊದಲ ತಲೆಮಾರಿನ ಓದುಗರನ್ನು ತಬ್ಬಿಬ್ಬು ಮಾಡುತ್ತದೆ. ‘ನಮ್ಗೆ ದೊಡ್ಡೋರು ಯಾರ್ ಗೊತ್ತು?’ ಎಂಬ ಸಂಕೋಚ. ದೊಡ್ಡವರು ಬೇಡ, ಬಲ್ಲವರು ಬೇಕು. ಎರಡು ವರ್ಷ ಕಲಿಸಿದ ಉಪನ್ಯಾಸಕರು, ಡೇರಿಯ ಕಾರ್ಯದರ್ಶಿ, ಪಂಚಾಯಿತಿ ಅರಿವು ಕೇಂದ್ರದ ಗ್ರಂಥಪಾಲಕರು, ಯಾರಾದರೂ ಆದೀತು. ಹಾಕುವ ಮೊದಲು ಅವರನ್ನು ಕೇಳಬೇಕು, ಯಾವ ಕೆಲಸಕ್ಕೆಂದು ಹೇಳಬೇಕು. ಶಾಸಕರ ಹೆಸರು ಹಾಕಿಕೊಂಡರೆ ತೂಕ ಬರುತ್ತದೆ ಎಂಬುದು ಭ್ರಮೆ. ಯಾರಾದರೂ ಫೋನು ಮಾಡಿ ವಿಚಾರಿಸಿದರೆ ಅವರಿಗೆ ಈ ಹುಡುಗಿ ಯಾರೆಂದು ನೆನಪಾಗಬೇಕಲ್ಲ!

ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ಬಿಡುವಿನಲ್ಲಿ ಒಂದು ಕೆಲಸ ಮಾಡಬಹುದು. ಮೈಸೂರಿನಿಂದ 1978ರಿಂದ ಬರುತ್ತಿರುವ ‘ಸ್ಟಾರ್ ಆಫ್ ಮೈಸೂರ್’ ಎಂಬ ಇಂಗ್ಲಿಷ್ ಸಂಜೆಪತ್ರಿಕೆಯಲ್ಲೋ, ‘ಮೈಸೂರು ಮಿತ್ರ’, ‘ಆಂದೋಲನ’ದಲ್ಲೋ ಬರುವ ಸಣ್ಣ ಜಾಹೀರಾತುಗಳನ್ನು ನೋಡಿ, ಪಿಯುಸಿ ಆದವರು ಬೇಕೆಂದು ಕೇಳಿರುವ ಒಂದನ್ನು ಕತ್ತರಿಸಿಟ್ಟುಕೊಳ್ಳುವುದು. ಅದಕ್ಕೆ ಒಂದು ಅರ್ಜಿ, ಈ ಸಲ ಸ್ವಂತ ಹೆಸರಿನಲ್ಲಿ, ಸ್ವಂತ ಊರಿನ ವಿಳಾಸದಿಂದ, ಪಿನ್‌ಕೋಡ್ ಸಮೇತ. ಮೊದಲ ಪ್ಯಾರಾದಲ್ಲಿ ಯಾವ ಹುದ್ದೆ, ಎಲ್ಲಿ ನೋಡಿದ್ದು. ಎರಡನೆಯದರಲ್ಲಿ ಓದು, ಮತ್ತು ಮಾಡಿದ ಕೆಲಸದಲ್ಲಿ ಆ ಹುದ್ದೆಗೆ ಹೊಂದುವಂಥದ್ದು ಒಂದು, ಅಂಕಿಸಂಖ್ಯೆಯ ಸಮೇತ. ಮೂರನೆಯದರಲ್ಲಿ ಯಾವತ್ತಿನಿಂದ ಬರಬಲ್ಲೆ, ಮೈಸೂರಿನಲ್ಲಿ ಉಳಿಯಲು ಜಾಗ ಇದೆಯೇ ಅಥವಾ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆಯೇ. ಈ ಮೂರನೆಯದನ್ನು ಗೈಡುಗಳು ಹೇಳುವುದೇ ಇಲ್ಲ, ಕೆಲಸ ಕೊಡುವವರು ತಪ್ಪದೆ ಕೇಳುವುದು ಅದನ್ನೇ. ಕರಡನ್ನು ಇಂಗ್ಲಿಷ್ ಮೇಡಂಗೆ ಒಮ್ಮೆ ತೋರಿಸಿದರೆ ‘ಆ್ಯಮ್’ಗಳು ಉದುರುತ್ತವೆ. ನಕಲು ಒಂದು ಇಟ್ಟುಕೊಳ್ಳಬೇಕು, ಸಂದರ್ಶನದಲ್ಲಿ ಅವರ ಕೈಯಲ್ಲಿರುವುದು ಅದೇ ಕಾಗದ.

ಕಡೆಯದಾಗಿ ಫೋನ್ ನಂಬರು. ಕಾಡಂಚಿನ ಹಾಡಿಗಳಲ್ಲಿ, ಎಚ್.ಡಿ. ಕೋಟೆಯ ಅಂತರಸಂತೆಯಿಂದ ಆಚೆ ಎಷ್ಟೋ ಕಡೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದೇ ನಂಬರು ಕೊಟ್ಟು, ಅದು ‘ವ್ಯಾಪ್ತಿ ಪ್ರದೇಶದ ಹೊರಗಿದೆ’ ಎಂದು ಹೇಳಿಸಿಕೊಂಡರೆ ಹುದ್ದೆ ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತದೆ. ಎರಡನೆಯ ನಂಬರು ಕೊಡಿ, ಅದು ಯಾರದು, ಮಾವನದೋ ಅಂಗಡಿಯವರದೋ ಎಂದು ಪಕ್ಕದಲ್ಲಿ ಬರೆಯಿರಿ, ಮತ್ತು ಕರೆ ಬರಬಹುದೆಂದು ಅವರಿಗೆ ಮುಂಚೆಯೇ ಹೇಳಿಡಿ.